ಮಳೆ ಸುದ್ದಿ, ಹವಾಮಾನದ ಸುದ್ದಿ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಕೂತು ಸುದ್ದಿ ಬರೆಯುವವನಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ಫೋನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಓದುಗರು ಕೇಳುತ್ತಾರೆ, ಪತ್ರಿಕೋದ್ಯಮ ಓದುವ ಮಕ್ಕಳು ಕೇಳುತ್ತಾರೆ, ಬೆಂಗಳೂರಿನಿಂದ ಕ್ಯಾಮೆರಾ ಹಿಡಿದು ಬಂದ ಹೊಸ ಹುಡುಗರೂ ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

‘ಹವಾಮಾನ ಬದಲಾವಣೆ’ ಅಂತ ಬರೆಯಬೇಕಾ, ‘ಹವಾಮಾನ ತುರ್ತುಸ್ಥಿತಿ’ ಅಂತಲಾ?

ಈ ಚರ್ಚೆ ಜೋರಾಗಿದ್ದು 2019ರಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಬ್ರಿಟನ್ನಿನ ‘ದಿ ಗಾರ್ಡಿಯನ್’ ಪತ್ರಿಕೆ ತನ್ನ ಬರವಣಿಗೆಯ ನಿಯಮ ಬದಲಿಸಿತು. ‘ಬದಲಾವಣೆ’ ಅನ್ನುವುದು ತೀರಾ ಮೆತ್ತಗಿನ ಮಾತು, ‘ತುರ್ತುಸ್ಥಿತಿ’ ಅಥವಾ ‘ಬಿಕ್ಕಟ್ಟು’ ಅನ್ನಿ ಎಂದು ವರದಿಗಾರರಿಗೆ ಹೇಳಿತು. ಅದೇ ವರ್ಷ ಆಕ್ಸ್‌ಫರ್ಡ್ ನಿಘಂಟಿನವರು ‘ಹವಾಮಾನ ತುರ್ತುಸ್ಥಿತಿ’ಯನ್ನು ವರ್ಷದ ಪದವಾಗಿ ಆರಿಸಿದರು. 2021ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಕೂಡ ಅದೇ ಪದ ಹಿಡಿಯಿತು.

ಕನ್ನಡದಲ್ಲಿ ಒಂದು ತೊಡಕಿದೆ. ತುರ್ತು ಪರಿಸ್ಥಿತಿ ಅಂದ ಕೂಡಲೇ ನಮ್ಮ ಹಿರಿಯರಿಗೆ 1975 ನೆನಪಾಗುತ್ತದೆ. ಪತ್ರಿಕೆಗಳು ಸಲೀಸಾಗಿ ಬಳಸುವ ‘ಹವಾಮಾನ ವೈಪರೀತ್ಯ’ ಕೂಡ ಸರಿಹೋಗುವುದಿಲ್ಲ. ಒಂದು ದಿನ ಮಳೆ ಜಾಸ್ತಿ ಬಂದರೂ ವೈಪರೀತ್ಯವೇ, ನೂರು ವರ್ಷದಲ್ಲಿ ಭೂಮಿ ಬಿಸಿಯಾದರೂ ವೈಪರೀತ್ಯವೇ. ಎಲ್ಲಕ್ಕಿಂತ ನನಗೆ ಸಿಟ್ಟು ಬರುವುದು ‘ಪ್ರಕೃತಿ ವಿಕೋಪ’ದ ಮೇಲೆ. ಪ್ರಕೃತಿ ಸಿಟ್ಟಾಯಿತು, ಮನೆ ಬಿತ್ತು, ಮುಗಿಯಿತು ಕಥೆ. ಬರೆ (ಗುಡ್ಡದ ಕಡಿದಾದ ಬದಿ) ಕಡಿದವರು ಯಾರು, ಅನುಮತಿ ಕೊಟ್ಟವರು ಯಾರು ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ನಾನು ಮಾಡುವುದು ಇಷ್ಟೇ. ವಿಜ್ಞಾನದ ವಿಷಯ ಹೇಳುವಾಗ ‘ಹವಾಮಾನ ಬದಲಾವಣೆ’. ಏನು ಮಾಡಬೇಕು ಅನ್ನುವ ವಿಷಯ ಬಂದಾಗ ‘ತುರ್ತು’. ಆವತ್ತಿನ ಮಳೆಗೆ ಸುಮ್ನೆ ‘ಮಳೆ’.

ಕೊಡಗಿನಲ್ಲಿ ಯಾವಾಗಲೂ ಮಳೆ ಬರುತ್ತಿತ್ತಲ್ವಾ? ಈಗ ಏನು ಹೊಸತು?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆಯೂ ಹೌದು. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ವಾರಗಟ್ಟಲೆ ಸೂರ್ಯ ಕಾಣದಿದ್ದದ್ದು, ಭಾಗಮಂಡಲದ ಸಂಗಮ ಉಕ್ಕಿ ರಸ್ತೆ ಮುಚ್ಚಿದ್ದು, ಇದೆಲ್ಲ ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ವರ್ಷದ ಒಟ್ಟು ಮಳೆ ನೋಡಿ ‘ಹಿಂದೆಂದೂ ಕಾಣದ’ ಅಂತ ಬರೆದರೆ ಯಾವುದೋ ತೋಟದ ಹಿರಿಯರು ಫೋನ್ ಮಾಡಿ ಮಾನ ಕಳೆಯುತ್ತಾರೆ. ನನಗೆ ಆಗಿದೆ.

ಆ ಫೋನಿನ ನಂತರ ಸೋಮವಾರಪೇಟೆ ಕಡೆಯ ಒಂದು ತೋಟದ ಮನೆಗೆ ಹೋದೆ. ಅವರ ಮನೆಯಲ್ಲಿ ಮಳೆ ಪುಸ್ತಕ ಇದೆ. ಕೊಡಗಿನ ಎಷ್ಟೋ ತೋಟಗಳಲ್ಲಿ ಇರುತ್ತದೆ. ಕೆಂಪು ಬಟ್ಟೆ ಬೈಂಡಿನ ಲೆಕ್ಕದ ಪುಸ್ತಕ, ಮೂಲೆಗಳನ್ನು ಗೆದ್ದಲು ತಿಂದಿದೆ. ಒಂದು ಸಾಲಿನಲ್ಲಿ ತಾರೀಖು, ಪಕ್ಕದಲ್ಲಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು). ಮೊದಲ ಪುಟಗಳು ಅವರ ತಂದೆಯ ಬರಹ, ಶಾಯಿ ಮಸುಕಾಗಿದೆ. ಅಂಚಿನಲ್ಲಿ ಸಣ್ಣ ಸಣ್ಣ ಟಿಪ್ಪಣಿ: ‘ಹೂ ಚೆನ್ನಾಗಿ ಅರಳಿದೆ’, ‘ಗದ್ದೆಗೆ ನೀರು ಬಂತು’, ‘ದನ ಕರು ಹಾಕಿತು’. 2018ರ ಆಗಸ್ಟ್ ಪುಟದಲ್ಲಿ ಒಂದು ದಿನ ಅಂಕಿಯೇ ಇಲ್ಲ. ‘ಮಾಪಕ ತುಂಬಿ ಹರಿದಿದೆ’ ಅಂತ ಬರೆದಿದ್ದಾರೆ. ಅತಿ ಜಾಸ್ತಿ ಮಳೆ ಸುರಿದ ದಿನದ ಲೆಕ್ಕವೇ ಆ ಪುಸ್ತಕದಲ್ಲಿಲ್ಲ.

ಆ ಪುಸ್ತಕ ತಿರುವಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ವರ್ಷಕ್ಕೆ ಎಷ್ಟು ಇಂಚು ಅಂತ ಕೇಳುವುದು ಬಿಟ್ಟೆ. ಎಷ್ಟು ದಿನದಲ್ಲಿ ಬಂತು, ಯಾವ ತಿಂಗಳಲ್ಲಿ ಬಂತು, ನಡುವೆ ಎಷ್ಟು ದಿನ ಬಿಡುವು ಅಂತ ಕೇಳಲು ಶುರು ಮಾಡಿದೆ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದದ್ದನ್ನು ಸುರಿಯುವಾಗ ಒಂದೇ ಸಲ ಸುರಿಯುತ್ತದೆ. ಕೊಡಗಿನ ಸುದ್ದಿ ಇರುವುದು ಅಲ್ಲಿ. ಒಟ್ಟು ಮಳೆ ಕಡಿಮೆಯಾದ ವರ್ಷವೂ ಮೂರು ದಿನದ ಮಳೆ ಗುಡ್ಡ ಇಳಿಸಬಹುದು.

ಒಂದು ಎಚ್ಚರಿಕೆ. ಒಂದು ಮನೆಯ ಪುಸ್ತಕದಿಂದ ಜಿಲ್ಲೆಯ ಹವಾಮಾನ ಹೇಳಲಾಗುವುದಿಲ್ಲ. ಹವಾಮಾನ ಅನ್ನಬೇಕಾದರೆ ಕನಿಷ್ಠ 30 ವರ್ಷದ ಲೆಕ್ಕ ಬೇಕು ಅನ್ನುವುದು ವಿಜ್ಞಾನಿಗಳ ರೂಢಿ. ಮನೆಯ ಪುಸ್ತಕವನ್ನು ಹವಾಮಾನ ಇಲಾಖೆಯ ದಾಖಲೆ ಪಕ್ಕದಲ್ಲಿಟ್ಟು ನೋಡಬೇಕು.

ಇಂಚು, ಸೆಂಟ್, ಮಿಲಿಮೀಟರ್: ಯಾವುದನ್ನು ಬರೆಯುವುದು?

ಇಂಚು-ಸೆಂಟ್, ಮಿಲಿಮೀಟರ್ ಎರಡನ್ನೂ. ನಮ್ಮ ಬೆಳೆಗಾರರು ‘ಐವತ್ತು ಸೆಂಟ್ ಬಂತು’ ಅಂದರೆ ಅರ್ಧ ಇಂಚು. 100 ಸೆಂಟ್ ಅಂದರೆ 1 ಇಂಚು, 25.4 ಮಿ.ಮೀ. ಹೊರಗಿನಿಂದ ಬಂದ ವರದಿಗಾರರು ಇದನ್ನು ಜಾಗದ ಸೆಂಟ್ ಅಂದುಕೊಂಡು ಕಕ್ಕಾಬಿಕ್ಕಿಯಾಗಿದ್ದನ್ನು ನೋಡಿದ್ದೇನೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ‘ಭಾರಿ’, 115.6 ದಾಟಿದರೆ ‘ಅತಿ ಭಾರಿ’, 204.5 ದಾಟಿದರೆ ‘ಅತ್ಯಂತ ಭಾರಿ’. ನಮ್ಮ ಲೆಕ್ಕದಲ್ಲಿ ಕೊನೆಯದು ಎಂಟು ಇಂಚಿಗಿಂತ ಚೂರು ಮೇಲೆ. ಈ ಮೂರು ಪದಗಳಿಗೆ ಅಳತೆ ಇದೆ. ಹಾಗಾಗಿ ಮೂರು ಇಂಚಿನ ಮಳೆಗೆ ‘ಅತ್ಯಂತ ಭಾರಿ’ ಅಂತ ಶೀರ್ಷಿಕೆ ಕೊಡಬಾರದು.

ಇನ್ನೊಂದು ಸಣ್ಣ ವಿಷಯ, ಎಲ್ಲರೂ ಎಡವುವ ಜಾಗ. ಮಳೆಯ ದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ, ಮುಗಿಯುವುದು ಮರುದಿನ 8.30ಕ್ಕೆ. ‘ಶುಕ್ರವಾರದ ಮಳೆ’ ಅಂತ ಪಟ್ಟಿಯಲ್ಲಿರುವುದರಲ್ಲಿ ಹೆಚ್ಚಿನ ಪಾಲು ಗುರುವಾರ ರಾತ್ರಿ ಬಂದದ್ದಿರಬಹುದು. ಗುಡ್ಡ ಕುಸಿದ ಹೊತ್ತನ್ನೂ ಮಳೆಯ ಹೊತ್ತನ್ನೂ ಹೊಂದಿಸುವಾಗ ಇದು ಬಹಳ ಮುಖ್ಯ.

ಗುಡ್ಡ ಕುಸಿದಾಗಲೆಲ್ಲ ‘ಹವಾಮಾನ ಬದಲಾವಣೆಯೇ ಕಾರಣ’ ಅಂತ ಬರೆಯಬಹುದಾ?

ಬೇಡ. ಹಾಗೆ ಬರೆದರೆ ತುಂಬಾ ಜನರಿಗೆ ಖುಷಿಯಾಗುತ್ತದೆ, ಅದೇ ಸಮಸ್ಯೆ. ಕಾರಣ ಆಕಾಶದಲ್ಲಿದ್ದರೆ ನೆಲದ ಮೇಲಿರುವ ಯಾರೂ ಉತ್ತರ ಕೊಡಬೇಕಿಲ್ಲ.

2018ರ ಆಗಸ್ಟ್ ನಡುಭಾಗದಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ, ಮದೆನಾಡು, ಮೊಣ್ಣಂಗೇರಿ ಕಡೆ ಗುಡ್ಡಗಳು ಇಳಿದವು. ಮಳೆ ಅಸಾಧಾರಣವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಂತರ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಮಳೆಯ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ಮನೆಗೆ, ರಸ್ತೆಗೆ ಅಂತ ಇಳಿಜಾರನ್ನು ಅಡ್ಡಾದಿಡ್ಡಿ ಕಡಿದದ್ದು. ಬುಡ ಕಡಿದ ಬರೆ ನೀರು ಕುಡಿದು ಭಾರವಾದರೆ ನಿಲ್ಲುವುದು ಹೇಗೆ? ಇದಕ್ಕೆ ವಿಜ್ಞಾನಿಯೇ ಬೇಕಿಲ್ಲ, ಜೆಸಿಬಿ ಓಡಿಸುವವರೂ ಹೇಳುತ್ತಾರೆ.

ಪಕ್ಕದ ವಯನಾಡಿನ ಉದಾಹರಣೆ ತಗೊಳ್ಳಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಎರಡು ವಾರದೊಳಗೆ ‘ವರ್ಲ್ಡ್ ವೆದರ್ ಆಟ್ರಿಬ್ಯೂಷನ್’ ಎಂಬ ವಿಜ್ಞಾನಿಗಳ ಗುಂಪು ಲೆಕ್ಕ ಹಾಕಿ ಹೇಳಿತು: ಮನುಷ್ಯರಿಂದಾದ ಬಿಸಿಯೇರಿಕೆಯಿಂದ ಆ ಒಂದು ದಿನದ ಮಳೆ ಸುಮಾರು 10% ಜಾಸ್ತಿಯಾಗಿದೆ. ಕಾಡು ಕಡಿಮೆಯಾದದ್ದು, ಕಲ್ಲುಗಣಿಗಾರಿಕೆ, ಇವುಗಳ ಪಾತ್ರವನ್ನೂ ಅದೇ ವರದಿ ಎತ್ತಿತು. ಆ ಅಧ್ಯಯನ ಲೆಕ್ಕ ಹಾಕಿದ್ದು ಮಳೆಯನ್ನು, ಕುಸಿತವನ್ನಲ್ಲ. ‘ಹವಾಮಾನ ಬದಲಾವಣೆಯಿಂದ ವಯನಾಡು ಕುಸಿತ’ ಅಂತ ಶೀರ್ಷಿಕೆ ಕೊಟ್ಟವರು ವರದಿಯನ್ನು ಪೂರ್ತಿ ಓದಿರಲಿಲ್ಲ ಅಂತ ಕಾಣುತ್ತದೆ.

ಹಾಗಾಗಿ ನಾನು ಎರಡು ಪ್ರಶ್ನೆ ಬೇರೆ ಬೇರೆ ಇಡುತ್ತೇನೆ. ಇಷ್ಟು ಮಳೆ ಯಾಕೆ ಬಂತು? ಈ ಮಳೆಗೆ ಇದೇ ಜಾಗ ಯಾಕೆ ಕುಸಿಯಿತು? ಮೊದಲನೆಯದಕ್ಕೆ ಹವಾಮಾನ ತಜ್ಞರು ಬೇಕು. ಎರಡನೆಯದಕ್ಕೆ ಪಂಚಾಯಿತಿ ಕಚೇರಿಗೆ ಹೋಗಬೇಕು, ಭೂಪರಿವರ್ತನೆಯ ಕಡತ ಕೇಳಬೇಕು. ಎರಡನೆಯದೇ ಕಷ್ಟ.

‘ಮೇಘಸ್ಫೋಟ’, ‘ಜಲಸ್ಫೋಟ’ ಇವೆಲ್ಲ ಏನು?

ನನ್ನದೇ ತಪ್ಪು ಹೇಳುತ್ತೇನೆ. ಒಂದು ಮಳೆಗಾಲ ರಾತ್ರಿ ಹತ್ತೂವರೆಗೆ, ಪುಟ ಹೋಗುವ ಗಡಿಬಿಡಿಯಲ್ಲಿ ‘ಮೇಘಸ್ಫೋಟ’ ಅಂತ ಕಳಿಸಿದೆ. ಬೆಳಿಗ್ಗೆ ಏಳಕ್ಕೆ ಒಬ್ಬರು ಫೋನ್ ಮಾಡಿದರು. “ಎಂಥ ಮಾರಾಯ, ಮೇಘ ಎಲ್ಲಿ ಸ್ಫೋಟ ಆಯ್ತು? ನಮ್ಮಲ್ಲಿ ರಾತ್ರಿಯಿಡೀ ಸೇರಿ ಬಂದದ್ದು ನಾಲ್ಕೂವರೆ ಇಂಚು.”

ಮೇಘಸ್ಫೋಟ ಅನ್ನಲು ಸಣ್ಣದೊಂದು ಪ್ರದೇಶದಲ್ಲಿ ಒಂದೇ ಗಂಟೆಯಲ್ಲಿ 100 ಮಿ.ಮೀ., ಅಂದರೆ ಹತ್ತಿರತ್ತಿರ ನಾಲ್ಕು ಇಂಚು ಬರಬೇಕು. ಗಂಟೆಯ ಲೆಕ್ಕ ಕೈಯಲ್ಲಿಲ್ಲದೆ ಆ ಪದ ಬಳಸಬಾರದು. ‘ಜಲಸ್ಫೋಟ’ 2018ರಲ್ಲಿ ನಮ್ಮಲ್ಲಿ ಜನರ ಬಾಯಿಗೆ ಬಂದ ಮಾತು. ಗುಡ್ಡದ ಒಳಗಿಂದ ನೀರು ಒಡೆದು ನುಗ್ಗಿದ್ದನ್ನು ಕಂಡವರು ಹಾಗೆ ಕರೆದರು. ಕಂಡವರ ಮಾತಾಗಿ ಹಾಕಿದರೆ ಅದಕ್ಕೆ ಬೆಲೆ ಇದೆ. ವರದಿಗಾರ ತಾನೇ ಹೇಳಿದರೆ ಅದು ವಿಜ್ಞಾನದ ಪದ ಅಂತ ಓದುಗರು ಅಂದುಕೊಳ್ಳುತ್ತಾರೆ.

ಭೂಕಂಪವೂ ಹವಾಮಾನ ಬದಲಾವಣೆಯಿಂದಲಾ?

ಅಲ್ಲ. 2018ರ ಜುಲೈನಲ್ಲಿ ಜಿಲ್ಲೆಯಲ್ಲಿ, ಮತ್ತೆ 2022ರ ಜೂನ್-ಜುಲೈನಲ್ಲಿ ಚೆಂಬು, ಸಂಪಾಜೆ ಕಡೆ ನೆಲ ನಡುಗಿದ್ದು ಹೌದು. ಎಲ್ಲವೂ ಸಣ್ಣವು. ನಡುಕ ಬೇರೆ, ಮಳೆ ಬೇರೆ. ಒಂದೇ ವರದಿಯಲ್ಲಿ ಎರಡನ್ನೂ ಕಲಸಿದರೆ ಜನ ರಾತ್ರಿ ನಿದ್ದೆ ಮಾಡುವುದಿಲ್ಲ.

ನಿಷ್ಪಕ್ಷಪಾತ ಅಂದರೆ ಎರಡೂ ಕಡೆಯವರ ಮಾತು ಹಾಕಬೇಕಲ್ವಾ?

ಭೂಮಿ ಬಿಸಿಯಾಗುತ್ತಿದೆಯಾ, ಮನುಷ್ಯರಿಂದಲಾ ಅನ್ನುವ ಪ್ರಶ್ನೆಗೆ ಈಗ ಎರಡು ಕಡೆ ಇಲ್ಲ. 2021ರ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ) ವರದಿ ಇದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿದೆ. 2004ರಲ್ಲಿ ಮ್ಯಾಕ್ಸ್‌ವೆಲ್ ಬಾಯ್ಕಾಫ್, ಜೂಲ್ಸ್ ಬಾಯ್ಕಾಫ್ ಎಂಬಿಬ್ಬರು ಅಮೆರಿಕದ ದೊಡ್ಡ ಪತ್ರಿಕೆಗಳ 1988ರಿಂದ 2002ರವರೆಗಿನ ವರದಿಗಳನ್ನು ತೆಗೆದು ನೋಡಿದರು. ಅರ್ಧಕ್ಕಿಂತ ಹೆಚ್ಚು ವರದಿಗಳು ವಿಜ್ಞಾನಿಗಳಿಗೂ ಅಲ್ಲಗಳೆಯುವವರಿಗೂ ಸಮಸಮ ಜಾಗ ಕೊಟ್ಟಿದ್ದವು. ಓದುಗರಿಗೆ ಇನ್ನೂ ಜಗಳ ಮುಗಿದಿಲ್ಲ ಅಂತ ಅನಿಸಿತು. ಕೊನೆಗೆ 2018ರಲ್ಲಿ ಬಿಬಿಸಿ ತನ್ನ ಸಿಬ್ಬಂದಿಗೆ ಬರೆದು ತಿಳಿಸಿತು: ಸಮತೋಲನಕ್ಕೆ ಅಂತ ಅಲ್ಲಗಳೆಯುವವರನ್ನು ಕರೆದು ಕೂರಿಸಬೇಕಿಲ್ಲ.

ಆದರೆ ಏನು ಮಾಡಬೇಕು ಅನ್ನುವುದಕ್ಕೆ ಎರಡಲ್ಲ, ಹತ್ತು ಕಡೆ ಇವೆ. ಅಲ್ಲಿ ಎಲ್ಲರ ಮಾತೂ ಬೇಕು. ಪಶ್ಚಿಮ ಘಟ್ಟದಲ್ಲಿ ಕೆಲವು ಕೆಲಸಗಳಿಗೆ ತಡೆ ಹಾಕುವ ಪರಿಸರ ಸೂಕ್ಷ್ಮ ವಲಯದ ಗಲಾಟೆ ನೋಡಿ. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ, ಆಮೇಲೆ ಕೇಂದ್ರ ಸರ್ಕಾರದಿಂದ ಒಂದರ ಹಿಂದೆ ಒಂದು ಕರಡು ಅಧಿಸೂಚನೆ. ಆರನೆಯ ಕರಡು ಹೊರಬಂದದ್ದು 2024ರ ಜುಲೈ 31ಕ್ಕೆ, ವಯನಾಡು ದುರಂತದ ಮರುದಿನ. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ಬೇಡ ಅಂದಿತು.

ಊರಿನಲ್ಲಿ ‘ತೋಟದಿಂದ ಎಬ್ಬಿಸುತ್ತಾರಂತೆ’ ಅನ್ನುವ ಭಯ ಇದೆ. ಕರಡಿನಲ್ಲಿ ತಡೆ ಇರುವುದು ಗಣಿ, ಕಲ್ಲುಕ್ವಾರಿ, ಮರಳು ತೆಗೆಯುವುದು, ಕೆಂಪು ಪಟ್ಟಿಯ (ಅತಿ ಹೆಚ್ಚು ಮಾಲಿನ್ಯ ಮಾಡುವ) ಕಾರ್ಖಾನೆ, ದೊಡ್ಡ ದೊಡ್ಡ ಕಟ್ಟಡಗಳಿಗೆ. ಇದನ್ನು ಪಟ್ಟಿ ಮಾಡಿ ಪ್ರಕಟಿಸುವುದು ಪತ್ರಿಕೆಯ ಕೆಲಸ. ಹಾಗಂತ ಜನರ ಭಯ ದಡ್ಡತನ ಅಂತ ಬರೆಯುವುದೂ ತಪ್ಪು. ಕಾಗದದಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಆಗಿದ್ದನ್ನು ಅವರು ಕಂಡಿದ್ದಾರೆ. ಇಷ್ಟರ ನಡುವೆ ಲೈನ್ ಮನೆಯಲ್ಲಿರುವ ತೋಟದ ಕಾರ್ಮಿಕರನ್ನು, ಆದಿವಾಸಿಗಳಾದ ಯರವರನ್ನು, ಜೇನುಕುರುಬರನ್ನು ಯಾರೂ ಕೇಳುವುದೇ ಇಲ್ಲ. ನಾನೂ ಸಾಕಷ್ಟು ಸಲ ಕೇಳಿಲ್ಲ.

ಮನೆ ಕಳೆದುಕೊಂಡವರನ್ನು ಹೇಗೆ ಮಾತಾಡಿಸುವುದು?

‘ನಿಮಗೆ ಹೇಗನಿಸುತ್ತಿದೆ?’ ಅಂತ ಕೇಳಬೇಡಿ. ಅಷ್ಟು ಮಾಡಿದರೆ ಅರ್ಧ ಕೆಲಸ ಆಯಿತು.

2018ರ ಕುಸಿತದ ನಾಲ್ಕು ತಿಂಗಳ ನಂತರ ಮಕ್ಕಂದೂರು ಕಡೆ ಹೋಗಿದ್ದೆ. ತೋಟದ ಕಬ್ಬಿಣದ ಗೇಟು ಅರ್ಧ ಮಣ್ಣಿನಲ್ಲಿ ಹೂತಿತ್ತು, ಮೇಲಿನ ಚಿಲಕಕ್ಕೆ ಬೀಗ ಹಾಗೇ ನೇತಾಡುತ್ತಿತ್ತು. ಗೇಟಿನ ಆಚೆ ತೋಟ ಇಲ್ಲ. ಬೋಳು ಕೆಂಪು ಮಣ್ಣು, ಮಧ್ಯೆ ಹೊಸ ತೋಡು (ಸಣ್ಣ ಹಳ್ಳ). ಜೊತೆಗಿದ್ದ ಅಕ್ಕ ಅಳಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಆರ್‌ಟಿಸಿ (ಪಹಣಿ) ತೆಗೆದು ತೋರಿಸಿದರು. “ನೋಡಿ, ಇದರಲ್ಲಿ ಮೂರು ಎಕರೆ ಕಾಫಿ ಇದೆ. ಸಾಲದ ನೋಟಿಸೂ ಇದರ ಮೇಲೇ ಬರುತ್ತದೆ. ಪತ್ರಿಕೆಯಲ್ಲಿ ನಾನು ಅಳುವ ಫೋಟೋ ಬಂತು, ಇದು ಬರಲಿಲ್ಲ.”

ಅವತ್ತಿನಿಂದ ಕಾಳಜಿ ಕೇಂದ್ರಕ್ಕೆ (ಸಂತ್ರಸ್ತರ ಶಿಬಿರ) ಹೋದರೆ ನಾನು ಮೊದಲು ಕೇಳುವುದು ಕಾಗದಪತ್ರದ ವಿಷಯ. ಏನು ಉಳಿದಿದೆ, ಸಾಲ ಎಷ್ಟು, ಪರಿಹಾರಕ್ಕೆ ಯಾವ ಕಚೇರಿಗೆ ಎಷ್ಟು ಸಲ ಹೋಗಿದ್ದೀರಿ. ಜನ ಇದಕ್ಕೆ ಉತ್ತರ ಕೊಡುತ್ತಾರೆ. ಬೇಡ ಅಂದರೆ ಎದ್ದು ಬರಬೇಕು. ಮಲಗಿದವರ, ಮಕ್ಕಳ ಫೋಟೋ ತೆಗೆಯಬಾರದು.

ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ಹಾಕಬಹುದಾ?

ಯಾರು, ಎಲ್ಲಿ, ಯಾವಾಗ ತೆಗೆದದ್ದು ಅಂತ ಮೂರೂ ಗೊತ್ತಾಗುವವರೆಗೆ ಬೇಡ. 2018ರಲ್ಲಿ ಮಡಿಕೇರಿ ಬಳಿ ಮಹಡಿ ಮನೆಯೊಂದು ಗುಡ್ಡದಿಂದ ಜಾರಿ ಬಿದ್ದ ವಿಡಿಯೋ ನಿಜವಾದದ್ದು. ಅದೇ ವಿಡಿಯೋ ಬೇರೆ ಮಳೆಗಾಲದಲ್ಲಿ ‘ಈಗಷ್ಟೇ’ ಅಂತ ಬಂದರೆ ಅದು ಸುಳ್ಳು ಸುದ್ದಿಯೇ. ಡ್ಯಾಂ ಒಡೆಯುತ್ತದಂತೆ ಅನ್ನುವ ಆಡಿಯೋ ಬಂದರೆ ಮೊದಲು ಜಿಲ್ಲಾಡಳಿತದ ಕಂಟ್ರೋಲ್ ರೂಮಿಗೆ ಫೋನ್ ಮಾಡಿ. ‘ಹೀಗೊಂದು ವದಂತಿ ಇದೆ’ ಅಂತ ಬರೆಯುವುದೂ ವದಂತಿಗೆ ಸೈಕಲ್ ಕೊಟ್ಟ ಹಾಗೆ.

ರೆಡ್ ಅಲರ್ಟ್ ಅಂತ ಬರೆದಿರಿ, ಮಳೆಯೇ ಬರಲಿಲ್ಲವಲ್ಲ?

ಅಲರ್ಟ್ ಅಂದರೆ ಸಾಧ್ಯತೆ. ಹಳದಿ ಅಂದರೆ ಗಮನಿಸಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಕೂಡಲೇ ಕ್ರಮ ತಗೊಳ್ಳಿ. ಅದು ಇಡೀ ಜಿಲ್ಲೆಗೆ ಕೊಡುವುದು. ಭಾಗಮಂಡಲದಲ್ಲಿ ಸುರಿಯುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ನಿಮ್ಮ ಊರಿನ ಲೆಕ್ಕ ಬೇಕಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ ಕೇಳಬಹುದು.

‘ಕೊಡಗಿನಲ್ಲಿ ಭಾರಿ ಮಳೆ, ಕೆಆರ್‌ಎಸ್ ಭರ್ತಿ, ರೈತರ ಮೊಗದಲ್ಲಿ ಮಂದಹಾಸ’. ಇದರಲ್ಲಿ ತಪ್ಪೇನು?

ತಪ್ಪೇನೂ ಇಲ್ಲ, ಮಂಡ್ಯದವರಿಗೆ. ಅಣೆಕಟ್ಟೆ ಭರ್ತಿಯಾಗುವ 124.80 ಅಡಿ ಮುಟ್ಟಿತಾ ಅಂತ ಅವರು ಕಾಯುವುದು ನ್ಯಾಯವೇ. ಆದರೆ ಅದೇ ಪುಟದಲ್ಲಿ ನಮ್ಮ ಕರಡಿಗೋಡಿನವರು ಕಾವೇರಿ ದಂಡೆಯಿಂದ ಸಾಮಾನು ಸಾಗಿಸುವ ಸುದ್ದಿ ಒಂದು ಕಾಲಮ್ಮಿಗೆ ಇಳಿದಿರುತ್ತದೆ. ಎರಡೂ ಒಂದೇ ನೀರು. ಒಂದೇ ವರದಿಯಲ್ಲಿ ಬರೆಯಬಹುದಲ್ವಾ?

ಹೀಗೆ ಬರೆದರೆ ಪ್ರವಾಸಿಗರು ಬರುವುದಿಲ್ಲ. ಊರಿನ ಹೊಟ್ಟೆಗೆ ಹೊಡೆಯುತ್ತೀರಾ?

ಈ ಮಾತನ್ನು ನನಗೆ ಹೇಳಿದವರಲ್ಲಿ ಹೋಂಸ್ಟೇ ನಡೆಸುವ ನನ್ನ ಸ್ವಂತ ಬಂಧುವೂ ಇದ್ದಾರೆ. ಅವರ ಸಿಟ್ಟಿಗೆ ಅರ್ಥ ಇದೆ. ‘ಕೊಡಗು ಕೊಚ್ಚಿಹೋಯಿತು’ ಅಂತ ಟಿವಿಯಲ್ಲಿ ಕಿರುಚಿದರೆ ಪೊನ್ನಂಪೇಟೆಯ ರೂಮೂ ಖಾಲಿ, ಸೋಮವಾರಪೇಟೆಯ ರೂಮೂ ಖಾಲಿ. ಇದಕ್ಕೆ ಪರಿಹಾರ ನಿಖರವಾಗಿ ಬರೆಯುವುದು: ಯಾವ ರಸ್ತೆ, ಎಷ್ಟನೇ ಕಿಲೋಮೀಟರ್, ಯಾವ ದಿನದವರೆಗೆ. ಸುದ್ದಿ ಮುಚ್ಚಿಡುವುದು ಪರಿಹಾರ ಅಲ್ಲ.

ಮಳೆಗಾಲ ಮುಗಿದ ಮೇಲೆ ಹವಾಮಾನದ ಸುದ್ದಿ ಎಲ್ಲಿದೆ?

ಕಾಫಿ ಕಣದಲ್ಲಿದೆ. ನಿಜ ಹೇಳಬೇಕೆಂದರೆ ನನ್ನ ಮೆಚ್ಚಿನ ಸುದ್ದಿಗಳು ಬರುವುದೇ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಫೆಬ್ರವರಿ-ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಬರಬೇಕು, ಎರಡು ಮೂರು ವಾರ ಬಿಟ್ಟು ಇನ್ನೊಂದು. ಆಗ ರೊಬಸ್ಟಾ ಹೂ ಕಾಯಿ ಕಟ್ಟುತ್ತದೆ. ಈ ತಾಳ ತಪ್ಪಿದರೆ ವರ್ಷದ ಫಸಲೇ ತಪ್ಪಿತು. 2021ರ ಜನವರಿ ಮೊದಲ ವಾರದಲ್ಲಿ ಮಳೆ ಬಂತು. ಕಣದಲ್ಲಿ ಒಣಗುತ್ತಿದ್ದ ಕಾಫಿ ನೆನೆಯಿತು, ಗಿಡದಲ್ಲಿ ಹಣ್ಣು ಇರುವಾಗಲೇ ಹೂ ಬಿಟ್ಟಿತು. ಹೂ ಇರುವ ಗಿಡದಿಂದ ಹಣ್ಣು ಕೊಯ್ಯುವುದು ಹೇಗೆ? ಯಾರೂ ಸಾಯಲಿಲ್ಲ, ಗುಡ್ಡ ಬೀಳಲಿಲ್ಲ. ಹಾಗಾಗಿ ಬೆಂಗಳೂರಿನ ಕ್ಯಾಮೆರಾ ಯಾವುದೂ ಬರಲಿಲ್ಲ.

ಬೇಸಿಗೆಯಲ್ಲಿ ಮಾಡಬೇಕಾದ ಇನ್ನೊಂದು ಕೆಲಸ ಇದೆ: ಹಿಂದಿನ ಸಲ ಕುಸಿದ ಬರೆಗಳನ್ನು ಹೋಗಿ ನೋಡುವುದು. ತಡೆಗೋಡೆ ಕಟ್ಟಿದ್ದಾರಾ, ನೀರು ಹೋಗಲು ದಾರಿ ಬಿಟ್ಟಿದ್ದಾರಾ, ಪಕ್ಕದಲ್ಲೇ ಹೊಸದಾಗಿ ಕಡಿಯುತ್ತಿದ್ದಾರಾ. ಏಪ್ರಿಲ್‌ನಲ್ಲಿ ತೆಗೆದ ಫೋಟೋ ಆಗಸ್ಟ್‌ನಲ್ಲಿ ಸಾಕ್ಷಿಯಾಗುತ್ತದೆ.

ನಾನು ಪತ್ರಕರ್ತ ಅಲ್ಲ. ನಾನೇನು ಕಳಿಸಬಹುದು?

ಫೋಟೋ ಕಳಿಸಿ, ಜೊತೆಗೆ ತೆಗೆದ ಹೊತ್ತು, ಊರು, ಹತ್ತಿರದ ಗುರುತು ಬರೆಯಿರಿ. ಮಳೆ ಅಳತೆ ಇದ್ದರೆ ಬೆಳಿಗ್ಗೆ 8.30ಕ್ಕೇ ನೋಡಿದ್ದಾ ಅಂತ ಹೇಳಿ. ಬರೆಯಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಕಂಬ ವಾಲಿದ್ದು, ತಿಳಿಯಾಗಿದ್ದ ತೋಡು ಇದ್ದಕ್ಕಿದ್ದಂತೆ ಕೆಸರಾದದ್ದು ಕಂಡರೆ ನನಗೆ ಆಮೇಲೆ, ಮೊದಲು ಮನೆಯವರನ್ನು ಹೊರಗೆ ಕರೆದುಕೊಂಡು ಬನ್ನಿ, ಪಂಚಾಯಿತಿಗೆ ತಿಳಿಸಿ. ಅಜ್ಜನ ಕಾಲದ ಮಳೆ ಪುಸ್ತಕ ಮನೆಯಲ್ಲಿದ್ದರೆ ಪುಟ ಪುಟವೂ ಫೋಟೋ ತೆಗೆದಿಟ್ಟುಕೊಳ್ಳಿ, ಗೆದ್ದಲು ಕಾಯುವುದಿಲ್ಲ. ಮಾಪಕ ಹೊಸದು ತರುವುದಾದರೆ ದೊಡ್ಡದೇ ತನ್ನಿ.